ಗಾಜಿನ ಪೆಟ್ಟಿಗೆಯ ಗಾಳಿ

ನನ್ನ ಮಗಳು ಗಿರಿಜಾ ಏಳು ತಿಂಗಳಿಗೇ ಹುಟ್ಟಿದಳು. ರಾಜ್ಯ ಒಂದಾಗುವುದಕ್ಕೆ ಹಿಂದಿನ ವರ್ಷ ಅದು. ನಮ್ಮ ಕಡೆಯ ಕಚೇರಿ ಕಾಗದಗಳೆಲ್ಲ ಇನ್ನೂ ಮುಂಬಯಿ ಸರಕಾರದ ಹೆಸರಿನಲ್ಲೇ ಬರುತ್ತಿದ್ದವು. ನನಗೆ ಆಗ ಹತ್ತೊಂಬತ್ತು. ಸವಣೂರಿನ ಎಲೆ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಮೊದಲ ಬಾಣಂತನ ತವರಿನಲ್ಲಿ ಎಂಬ ರೂಢಿಯಂತೆ, ಏಳನೆಯ ತಿಂಗಳ ಸೀಮಂತ, ನಮ್ಮ ಕಡೆಯ ಕುಬಸ, ಮುಗಿಸಿಕೊಂಡು ಶಿಗ್ಗಾಂವಿ ಹತ್ತಿರದ ಹಿರೇಬೆಂಡಿಗೇರಿಗೆ, ನಮ್ಮ ಅವ್ವನ ಮನೆಗೆ ಬಂದಿದ್ದೆ. ಬಂದು ಎಂಟು ದಿನವೂ ಆಗಿರಲಿಲ್ಲ. ಹೊಲದಿಂದ ಬಂದ ಹತ್ತಿ ಪಡಸಾಲೆಯಲ್ಲಿ ರಾಶಿ ಬಿದ್ದಿತ್ತು. ಅದರ ಪಕ್ಕ ಕುಳಿತು ಕಸ ಆರಿಸುತ್ತಿದ್ದಾಗ ನಡು ಹಿಡಿದುಕೊಂಡಿತು. ಬಿಸಿಲು ಇಳಿಯುವ ಹೊತ್ತಿಗೆ ಕೂಸು ಹೊರಗೆ ಬಂದಿತ್ತು.

ಅಳಲಿಲ್ಲ. ಸೂಲಗಿತ್ತಿ ಫಕೀರವ್ವ ಅದರ ಬೆನ್ನು ತಿಕ್ಕಿದಳು, ಅಂಗಾಲು ತಟ್ಟಿದಳು. ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ ಬಂತು. ಚರ್ಮ ಎಷ್ಟು ತೆಳ್ಳಗಿತ್ತೆಂದರೆ ಎದೆಯ ಮೇಲಿನ ನರಗಳನ್ನು ಎಣಿಸಬಹುದಿತ್ತು. ಫಕೀರವ್ವ ನನ್ನ ಕಡೆ ನೋಡದೆ ಅವ್ವನಿಗೆ ಹೇಳಿದಳು.

"ಜೀವ ಐತಿ ಯವ್ವಾ. ಆದ್ರ ಭಾಳ ಆಸೆ ಇಟ್ಕೋಬ್ಯಾಡ್ರಿ. ಇನ್ನ ಎರಡು ತಿಂಗಳ ಹೊಟ್ಟ್ಯಾಗ ಇರೂ ಕೂಸಿದು."

ಅವ್ವ ಎದ್ದಳು. ಪಡಸಾಲೆಗೆ ಹೋಗಿ ಮಡಿಲ ತುಂಬ ಹತ್ತಿ ತಂದು, ಬೀಜ ಬಿಡಿಸಿ, ಕೂಸಿನ ಮುಖವೊಂದನ್ನು ಬಿಟ್ಟು ಮೈಯೆಲ್ಲ ಅದರಲ್ಲಿ ಸುತ್ತಿದಳು. ಮರುದಿನ ಬೆಳಿಗ್ಗೆಯೂ ಕೂಸು ಉಸಿರಾಡುತ್ತಿತ್ತು. ಅಪ್ಪ ಗಾಡಿ ಹೂಡಿದ. ಶಿಗ್ಗಾಂವಿಯ ದವಾಖಾನೆಯ ಡಾಕ್ಟರು ಹತ್ತಿ ಸರಿಸಿ ನೋಡಿ, "ಇಲ್ಲಿ ಏನೂ ಮಾಡಾಕ ಬರೂದಿಲ್ರಿ. ಹುಬ್ಬಳ್ಳಿಗೆ ಒಯ್ಯಿರಿ. ಅಲ್ಲಿ ಒಂದು ದವಾಖಾನ್ಯಾಗ ಇಂಥಾ ಕೂಸುಗಳಿಗೆ ಅಂತ ಪೆಟ್ಟಿಗಿ ಮಾಡ್ಯಾರ," ಎಂದರು. ಬಸ್ಸಿನಲ್ಲಿ ಹುಬ್ಬಳ್ಳಿಯವರೆಗೂ ನಾನು ನನ್ನ ಕಿರುಬೆರಳನ್ನು ಕೂಸಿನ ಮೂಗಿನ ಕೆಳಗೆ ಹಿಡಿದುಕೊಂಡೇ ಕುಳಿತಿದ್ದೆ. ಹಸಿ ಬಾಣಂತಿಯ ನೋವು ಆ ದಿನ ನನಗೆ ನೆನಪೇ ಇಲ್ಲ.

ಪೆಟ್ಟಿಗೆ ಎಂದರೆ ನಿಜವಾಗಿಯೂ ಪೆಟ್ಟಿಗೆಯೇ. ಕಟ್ಟಿಗೆಯದು, ಮೇಲೆ ಗಾಜಿನ ಮುಚ್ಚಳ, ಒಳಗೆ ಕಾವಿಗಾಗಿ ಎರಡು ಬಲ್ಬು. ಪಕ್ಕದಲ್ಲಿ ನನ್ನ ಎತ್ತರದ ಕರಿಯ ಕಬ್ಬಿಣದ ಸಿಲಿಂಡರು. ಅದರಿಂದ ಹೊರಟ ರಬ್ಬರಿನ ನಳಿಕೆ ನೀರಿನ ಬಾಟಲಿಯೊಂದನ್ನು ಹಾಯ್ದು ಪೆಟ್ಟಿಗೆಯೊಳಗೆ ಹೋಗುತ್ತಿತ್ತು. ನೀರಿನಲ್ಲಿ ಗುಳ್ಳೆಗಳು ಏಳುತ್ತಿದ್ದವು. ಆಕ್ಸಿಜನ್ ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಅಲ್ಲಿ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಆದರೂ ಅದು ತಿಳಿಯಲಿಲ್ಲ. ಗ್ರೇಸ್‌ಬಾಯಿ ಎಂಬ ನರ್ಸು ತಿಳಿಸಿ ಹೇಳಿದಳು: "ಗಾಳೀನೇ ಅದು. ಹೊರಗಿನ ಗಾಳಿಕಿಂತ ಗಟ್ಟಿ. ನಿಮ್ಮ ಕೂಸಿನ ಪುಪ್ಪುಸಕ್ಕ ಇನ್ನೂ ಶಕ್ತಿ ಇಲ್ಲ, ಅದಕ್ಕ ಇದು."

ಕೂಸನ್ನು ಅದರೊಳಗಿಟ್ಟ ಸ್ವಲ್ಪ ಹೊತ್ತಿಗೆ, ಬೂದಿಬಣ್ಣಕ್ಕೆ ತಿರುಗಿದ್ದ ಅದರ ತುಟಿ ಕೆಂಪಾಯಿತು. ನನ್ನ ಕಣ್ಣೆದುರೇ ಕೆಂಪಾಯಿತು. ಗಾಜಿಗೆ ಹಣೆ ಹಚ್ಚಿ ನಿಂತು ಅದನ್ನು ನೋಡಿದವಳು ನಾನು. ಮುಂದೆ ನಾನು ಮಾಡಿದ್ದನ್ನು ಓದುವವರು ಇದನ್ನೂ ನೆನಪಿನಲ್ಲಿಡಬೇಕು.

ತಾಯಂದಿರಿಗೆ ಒಳಗೆ ಇರಲು ಅಪ್ಪಣೆ ಇರಲಿಲ್ಲ. ಹೊರಗಿನ ವರಾಂಡದಲ್ಲಿ ಚಾಪೆ ಹಾಸಿಕೊಂಡು ನಾನೂ ಅವ್ವನೂ ಉಳಿದೆವು. ಫಿನೈಲಿನ ವಾಸನೆ, ಗೋಡೆಯ ಆಚೆ ಬೇರೆಯವರ ಮಕ್ಕಳ ಅಳು. ನಮ್ಮ ಕೂಸಿನ ಅಳು ಮಾತ್ರ ಇಲ್ಲ. ದಿನಕ್ಕೆ ನಾಲ್ಕು ಸಲ ನಾನು ಹಾಲು ಹಿಂಡಿ ಸಣ್ಣ ಬಟ್ಟಲಲ್ಲಿ ಕೊಡಬೇಕು, ಗ್ರೇಸ್‌ಬಾಯಿ ಅದನ್ನು ಹನಿ ಹನಿಯಾಗಿ ಕುಡಿಸುತ್ತಿದ್ದಳು. ಬಾಗಿಲು ತೆರೆದಾಗಲೆಲ್ಲ ವರಾಂಡದ ಹೆಂಗಸರು ಒಟ್ಟಿಗೇ ತಲೆ ಎತ್ತುತ್ತಿದ್ದೆವು. ಯಾರ ಹೆಸರು ಕರೆಯುತ್ತಾರೋ ಎಂಬ ಹೆದರಿಕೆ.

ಅಲ್ಲಿ ಹಿರೇಕೆರೂರು ಕಡೆಯ ಅಬಲೂರಿನಿಂದ ಬಂದ ಬಸಲಿಂಗವ್ವ ಎಂಬವಳಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಅವಳ ಮಗು ತಿಂಗಳು ತುಂಬಿಯೇ ಹುಟ್ಟಿತ್ತು, ಆದರೆ ಕಾಮಾಲೆ ಏರಿತ್ತು. ನಾವು ಹೋದ ಆರನೆಯ ದಿನ ಅದು ತೀರಿಕೊಂಡಿತು. ಮಣ್ಣು ಮಾಡಿ ಬಂದು ಅವಳು ತನ್ನ ಗಂಟು ಕಟ್ಟುತ್ತಿದ್ದಳು. ಅದೇ ದಿನ ನನ್ನ ಹಾಲು ನಿಂತುಹೋಗಿತ್ತು. ಹೆದರಿಕೆಗೆ ಹಾಗಾಗುತ್ತದೆ ಎಂದರು. ಖಾಲಿ ಬಟ್ಟಲು ಹಿಡಿದು ನಾನು ಕುಳಿತಿದ್ದುದನ್ನು ಬಸಲಿಂಗವ್ವ ನೋಡಿದಳು. ಗಂಟು ಕೆಳಗಿಟ್ಟಳು.

"ತಾ ಇಲ್ಲೆ," ಎಂದು ಬಟ್ಟಲು ಇಸಿದುಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು. ಅದನ್ನು ತುಂಬಿಸಿ ನನ್ನ ಕೈಗೆ ಕೊಟ್ಟು, "ಹಾಲು ಹರೀಲಿಕ್ಕತ್ತಾವು ತಂಗಿ. ಎದಿ ಉರಿಯಾಕತ್ತೇತಿ. ನಿನ್ನ ಕೂಸರ ಕುಡೀಲಿ," ಎಂದಳು. ಅವಳ ಗಂಡ ಮೆಟ್ಟಿಲ ಬಳಿ ಕಾಯುತ್ತ ನಿಂತಿದ್ದ. ಸಂಜೆಯ ಬಸ್ಸು ಬಿಟ್ಟು ಮರುದಿನ ಹೋದರು. ಹೋಗುವವರೆಗೆ ಇನ್ನೂ ಮೂರು ಬಟ್ಟಲು ಕೊಟ್ಟಳು. ಮತ್ತೆ ಅವಳನ್ನು ನಾನು ನೋಡಲಿಲ್ಲ.

ಹನ್ನೆರಡನೆಯ ದಿನ ಡಾಕ್ಟರು ಗಾಳಿ ನಿಲ್ಲಿಸಿ ನೋಡಿದರು. ಗಿರಿಜಾ ನೀಲಿಗಟ್ಟಿದಳು. ಮತ್ತೆ ಹಚ್ಚಿದರು. ವಾರ ಕಳೆಯಿತು. ಅವಳ ಕೆನ್ನೆಗೆ ಒಂದಿಷ್ಟು ಮಾಂಸ ಬಂತು. ಒಂದು ಬೆಳಿಗ್ಗೆ ಡಾಕ್ಟರು ಹೊರಗೆ ಬಂದು, "ಇನ್ನ ಗಾಳಿ ಬ್ಯಾಡವ್ವಾ. ಕೂಸು ತಾನ ಉಸರಾಡತೈತಿ," ಎಂದರು. ನಾನು ಗ್ರೇಸ್‌ಬಾಯಿಯ ಕೈ ಆ ಸಿಲಿಂಡರಿನ ಚಾವಿಯ ಕಡೆ ಹೋಗುವುದನ್ನು ಬಾಗಿಲಿನಿಂದ ನೋಡಿದೆ. ನನ್ನ ಕಣ್ಣ ಮುಂದೆ ಬಂದದ್ದು ಕೂಸಿನ ನೀಲಿಗಟ್ಟಿದ ಮುಖ. ಡಾಕ್ಟರ ಕಾಲು ಹಿಡಿದುಕೊಂಡೆ.

"ಬ್ಯಾಡ್ರಿ ಡಾಕ್ಟರ. ಇನ್ನ ಸ್ವಲ್ಪ ದಿನ ಇರ್ಲಿರಿ. ನಿಮ್ಮ ಪಾದಕ್ಕ ಬೀಳ್ತೇನ್ರಿ."

"ಏಳವ್ವಾ. ಅದರ ಅಗತ್ಯ ಇಲ್ಲ."

"ಮತ್ತ ನೀಲಿ ಆದ್ರ ನಾ ಏನ್ ಮಾಡ್ಲಿರಿ?"

ಅವರು ಗ್ರೇಸ್‌ಬಾಯಿಯ ಮುಖ ನೋಡಿದರು. ಪಾಪ, ಒಳ್ಳೆಯ ಮನುಷ್ಯ. "ಇರಲಿ ಬಿಡ್ರಿ. ಇದ್ರೇನು ಕೇಡಿಲ್ಲ," ಎಂದರು. ಹೀಗೆ ಮತ್ತೆ ಎರಡು ವಾರಕ್ಕೂ ಹೆಚ್ಚು ಆ ಗಾಳಿ ಹರಿಯಿತು. ನಾನು ದಿನಾ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದುದು ಬಾಟಲಿಯಲ್ಲಿ ಗುಳ್ಳೆ ಏಳುತ್ತಿದೆಯೋ ಇಲ್ಲವೋ ಎಂಬುದನ್ನು.

ಎರಡು ತಿಂಗಳಾದ ಮೇಲೆ ಸವಣೂರಿಗೆ ಬಂದೆವು. ಬದುಕಿ ಬಂದ ಕೂಸು ಎಂದು ಓಣಿಯವರೆಲ್ಲ ನೋಡಲು ಬಂದರು. ಹೆಣ್ಣಾಯಿತೆಂದು ಅತ್ತೆ ಮುನಿಸಿಕೊಂಡಾರೆಂದು ನಾನು ಹೆದರಿದ್ದೆ. ಅವರು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ, "ಇಷ್ಟ ಸಣ್ಣ ಜೀವ ಎಷ್ಟ ಹಟಾ ಮಾಡಿ ಬಂದೈತಿ ನೋಡು," ಎಂದರು. ಆ ತಿಂಗಳು ನಮ್ಮ ಮನೆಯಲ್ಲಿ ಎಲ್ಲರೂ ನಕ್ಕದ್ದು ನೆನಪಿದೆ. ಅಷ್ಟೇ ದಿನ.

ಮೊದಲು ಅಂದವರು ಅತ್ತೆಯೇ. ಒಂದು ಮಧ್ಯಾಹ್ನ ತೊಟ್ಟಿಲ ಬಳಿ ಕುಳಿತವರು ನನ್ನನ್ನು ಕರೆದು, "ಶಾಂತವ್ವಾ, ಕೂಸು ನಿನ್ನ ಮಾರಿ ನೋಡತೈತೇನು?" ಎಂದು ಕೇಳಿದರು.

"ನೋಡತೈತ್ರಿ," ಎಂದೆ. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಹದಿನೈದು ದಿನದಿಂದ ಗೊತ್ತಿತ್ತು. ದನಿ ಕೇಳಿದರೆ ತಿರುಗುತ್ತಿದ್ದಳು. ಸುಮ್ಮನೆ ಎದುರಿಗೆ ನಿಂತರೆ ಇಲ್ಲ. ನಾನು ಅದನ್ನು ಯಾರಿಗೂ ಹೇಳದೆ, ಹತ್ತಿರ ಹೋದಾಗಲೆಲ್ಲ ಬಳೆ ಸದ್ದು ಮಾಡಿ, ಅವಳು ತಿರುಗುವಂತೆ ಮಾಡಿ, ಕಾಣುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅತ್ತೆ ದೀಪ ಹಚ್ಚಿ ತಂದರು. ಕೂಸಿನ ಮುಖದ ಮುಂದೆ ಆಚೆ ಈಚೆ ಸರಿಸಿದರು. ಕಣ್ಣು ಸರಿಯಲಿಲ್ಲ. ಬೆಳಕಿಗೆ ಹಿಡಿದಾಗ ಕಪ್ಪು ಗುಡ್ಡೆಯ ಹಿಂದೆ ಮಜ್ಜಿಗೆಯ ಬಣ್ಣದ ಏನೋ ಒಂದು ಕಂಡಿತು. ಎರಡೂ ಕಣ್ಣಿನಲ್ಲಿ. ಅತ್ತೆ ದೀಪ ಕೆಳಗಿಟ್ಟು ಸೆರಗಿನಿಂದ ಕೂಸಿನ ಬಾಯಿ ಒರೆಸಿದರು. ಬಹಳ ಹೊತ್ತು ಒರೆಸಿದರು.

ಊರಿನ ಹಕೀಮರ ಬಳಿಗೆ ಮೊದಲು ಹೋದೆವು. ಕಣ್ಣಿಗೆ ಹಚ್ಚುವ ಸುರಮಾ ಕೊಡುತ್ತಾರೆ, ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೇಳಿದ್ದರು. ಅವರು ಕೂಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ನನ್ನ ಕಡೆ ಇದಕ್ಕ ದವಾ ಇಲ್ಲ ಬೇಟಿ. ಸುಳ್ಳ ಹೇಳಿ ನಿನ್ನ ತಿರಗಸೂದಿಲ್ಲ," ಎಂದರು. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಈಗ ನೆನೆಸಿಕೊಂಡರೆ, ಆ ವರ್ಷವೆಲ್ಲ ನನಗೆ ಅಷ್ಟು ನೇರವಾಗಿ ಮಾತಾಡಿದವರು ಅವರೊಬ್ಬರೇ.

ನಮ್ಮ ಯಜಮಾನರು ವಾರಕ್ಕೆ ಮೂರು ಸಲ ವೀಳ್ಯದೆಲೆಯ ಬುಟ್ಟಿಗಳನ್ನು ಯಲವಿಗಿ ಸ್ಟೇಶನ್ನಿಗೆ ಒಯ್ದು ರೈಲಿಗೆ ಹಾಕುತ್ತಿದ್ದರು. ಒಂದು ದಿನ ಬುಟ್ಟಿಗಳ ಜೊತೆ ನಾವೂ ಹೊರಟೆವು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಬಾಗಿಲಲ್ಲಿ ಬೆಂಚಿನ ಮೇಲೆ ಕುಳಿತವರೆಲ್ಲ ಮುದುಕರು, ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡವರು. ಅವರ ನಡುವೆ ಐದು ತಿಂಗಳ ಕೂಸನ್ನು ಹಿಡಿದು ಕುಳಿತ ನನ್ನನ್ನು ನೋಡಿ ಒಬ್ಬ ಅಜ್ಜ, "ಯಾರ ಕಣ್ಣ ತೋರಸಾಕ ಬಂದೀ ತಂಗಿ?" ಎಂದು ಕೇಳಿದ. ಯಜಮಾನರು ಕೂಸಿನ ಕಡೆ ಕೈ ತೋರಿಸಿದರು. ಅಜ್ಜ ಎದ್ದು ತನ್ನ ಪಾಳಿ ನಮಗೆ ಬಿಟ್ಟುಕೊಟ್ಟ.

ಡಾಕ್ಟರು ಎರಡೂ ಕಣ್ಣು ನೋಡಿದರು. ಆಪರೇಶನ್ ಇಲ್ಲ, ಔಷಧವಿಲ್ಲ ಎಂದರು. "ಒಳಗಿನ ಪರದೆ ಕಿತ್ತು ಮುದ್ದಿ ಆಗೇತ್ರಿ. ಮುಂದ ದೃಷ್ಟಿ ಬರೂದಿಲ್ಲ." ಯಾಕೆ ಹಾಗಾಯಿತು ಎಂದು ಕೇಳಿದ್ದಕ್ಕೆ, "ಹುಟ್ಟಾ ಬಂದಿರಬೇಕು," ಎಂದರು.

ಮಧ್ಯಾಹ್ನದ ಗಾಡಿಗೆ ಯಲವಿಗಿಯಲ್ಲಿ ಇಳಿದೆವು. ಸವಣೂರಿನ ಬಸ್ಸು ಹೊರಗೆ ನಿಂತಿತ್ತು. ನಾವು ಹತ್ತಲಿಲ್ಲ, ಬಸ್ಸು ಹೋಯಿತು. ಪ್ಲಾಟ್‌ಫಾರ್ಮಿನ ಬೇವಿನ ಮರದ ಕೆಳಗೆ ಮೂವರೂ ಕುಳಿತೆವು. ಗೂಡ್ಸ್ ಗಾಡಿಯೊಂದು ಸೀಟಿ ಹಾಕುತ್ತ ಹಾದುಹೋದಾಗ ಗಿರಿಜಾ ಬೆಚ್ಚಿ ಅದರ ಕಡೆಗೆ ಮುಖ ತಿರುಗಿಸಿದಳು. ಕೊನೆಯ ಡಬ್ಬಿ ದೂರವಾಗುವವರೆಗೂ ಅತ್ತಲೇ ತಿರುಗಿದ್ದಳು.

"ಕಿವಿ ಚಲೋ ಅದಾವ," ಎಂದರು ಯಜಮಾನರು. ಆಮೇಲೆ ಟೋಪಿ ತೆಗೆದು ಅದರಲ್ಲಿ ಮುಖ ಮುಚ್ಚಿಕೊಂಡರು.

ವರ್ಷಗಳು ಹೇಗೋ ಕಳೆದವು. ಗಿರಿಜಾ ಅತ್ತೆಯ ಸೆರಗು ಹಿಡಿದು ನಡೆಯಲು ಕಲಿತಳು. ಯಾವ ಬಾಗಿಲು ಎಷ್ಟು ಹೆಜ್ಜೆಗೆ, ನೀರಿನ ಕೊಡ ಎಲ್ಲಿ, ಯಾರ ಚಪ್ಪಲಿಯ ಸದ್ದು ಯಾವುದು, ಎಲ್ಲವನ್ನೂ ತಿಳಿದುಕೊಂಡಳು. ಮನೆಯಲ್ಲಿ ಯಾವ ವಸ್ತುವನ್ನೂ ನಾವು ಜಾಗ ಬದಲಿಸುತ್ತಿರಲಿಲ್ಲ. ಎಲೆ ಆರಿಸುವುದನ್ನು ಅಜ್ಜಿಯೇ ಅವಳಿಗೆ ಕಲಿಸಿದರು. ಎಲೆಯನ್ನು ಬೆರಳ ನಡುವೆ ಎಳೆದು ಎಳೆಯದು, ಬಲಿತದ್ದು, ಕೊಳೆಯಲು ಹತ್ತಿದ್ದು ಎಂದು ಬೇರೆ ಬೇರೆ ಇಡುತ್ತಿದ್ದಳು. ಶಾಲೆಗೆ ಸೇರಿಸಿಕೊಳ್ಳಲಿಲ್ಲ. ನಾನು ಓದಿದ್ದನ್ನು ಬಾಯಿಪಾಠ ಮಾಡಿಸಿದೆ. ಮದುವೆ ಮುಂಜಿಗಳಿಗೆ ಕರೆಯಲು ಬಂದವರು, "ನೀವು ಬರ್ರಿ," ಎಂದು ನನ್ನ ಮುಖ ನೋಡಿ ಹೇಳುತ್ತಿದ್ದರು. ಗಿರಿಜಾಳ ಹೆಸರು ಹೇಳುತ್ತಿರಲಿಲ್ಲ. ನಾನು ಹೋಗುವುದನ್ನು ಬಿಟ್ಟೆ.

ಅವಳಿಗೆ ಎಂಟು ವರ್ಷವಾದಾಗ ಅತ್ತೆಯ ಕಣ್ಣಿಗೆ ಪೊರೆ ಬಂತು. ಹಾನಗಲ್ಲಿನ ಶಾಲೆಯೊಂದರಲ್ಲಿ ಪೊರೆ ತೆಗೆಯುವ ಶಿಬಿರ ಹಾಕಿದ್ದಾರೆಂದು ತಿಳಿದು ಕರೆದುಕೊಂಡು ಹೋದೆವು. ಅಜ್ಜಿಯನ್ನು ಬಿಟ್ಟಿರಲಾರದೆ ಗಿರಿಜಾಳೂ ಬಂದಳು. ಪಟ್ಟಿ ಬಿಚ್ಚುವ ದಿನ ಶಿಬಿರದ ತರುಣ ಡಾಕ್ಟರೊಬ್ಬರು ಅಜ್ಜಿಯ ಹಾಸಿಗೆಯ ಬಳಿ ನಿಂತವಳನ್ನು ನೋಡಿದರು. ಬ್ಯಾಟರಿ ಹಿಡಿದು ಕಣ್ಣು ಪರೀಕ್ಷೆ ಮಾಡಿ ನನ್ನನ್ನು ಹೊರಗಿನ ಕಟ್ಟೆಗೆ ಕರೆದರು.

"ದಿನಾ ತುಂಬಿ ಹುಟ್ಟಿದಾಕಿ ಏನ್ರಿ?"

"ಇಲ್ರಿ. ಏಳು ತಿಂಗಳಿಗೆ."

"ಪೆಟ್ಟಿಗ್ಯಾಗ ಇಟ್ಟಿದ್ರೇನು? ಆಕ್ಸಿಜನ್ ಕೊಟ್ಟಿದ್ರೇನು?"

"ಹೌದ್ರಿ. ಅದರಿಂದನ ಬದುಕಿದ್ಲು."

ಅವರು ಬ್ಯಾಟರಿಯನ್ನು ಜೇಬಿಗೆ ಹಾಕಿಕೊಂಡರು. ನಾನು ಬಿಡಲಿಲ್ಲ, ಮುಂದೆ ಹೇಳಿರೆಂದೆ. ಅವರು ನಿಧಾನವಾಗಿ ಹೇಳಿದರು. ಗಾಳಿಯನ್ನು ತಾಳಿಕೊಳ್ಳುವ ಶಕ್ತಿ ಕೂಸಿನ ಮೈಯಲ್ಲಿ ಕಡೆಯ ತಿಂಗಳುಗಳಲ್ಲಿ ಕೂಡುತ್ತದೆಯಂತೆ. ಮುಂಚೆಯೇ ಬಂದ ಕೂಸು ಆ ಕಾವಲಿಲ್ಲದೆ ಬರುತ್ತದೆ. ಬದುಕಿಸುವ ಗಾಳಿಯೇ ಹೆಚ್ಚಾದರೆ ಕಣ್ಣಿನ ಎಳೆಯ ನರಗಳು ಕೆಡುತ್ತವೆ. "ಅವಾಗ ಯಾರಿಗೂ ಗೊತ್ತಿದ್ದಿಲ್ರಿ. ದೊಡ್ಡ ದೊಡ್ಡ ದೇಶದಾಗೂ ಹಿಂಗ ಆಗೇತಿ. ಪೂರಾ ಕಾರಣ ಇನ್ನೂ ನಮಗೂ ತಿಳಿದಿಲ್ಲ. ಈಗ ಅಳತಿ ಮಾಡಿ ಕೊಡ್ತಾರ."

"ಅಲ್ಲಿ ಡಾಕ್ಟರು ಸಾಕು ಅಂದಿದ್ರು," ಎಂದೆ. "ನಾನ ಕಾಲು ಹಿಡದು ಇನ್ನ ಕೊಡ್ರಿ ಅಂದೆ. ಎರಡು ವಾರ. ಅದಕ್ಕ ಹಿಂಗಾತೇನ್ರಿ?"

"ಅದನ್ನ ಯಾರೂ ಹೇಳಾಕ ಆಗೂದಿಲ್ಲವ್ವಾ. ಮೊದಲನೇ ವಾರದಾಗ ಕೆಟ್ಟಿರಬಹುದು. ಆಮ್ಯಾಲೆ ಕೆಟ್ಟಿರಬಹುದು. ಕೊಡದ ಇದ್ದಿದ್ರ ಮಗಳ ಇರತಿದ್ದಿಲ್ಲ."

ಒಳಗಿನಿಂದ ಅತ್ತೆಯ ದನಿ ಕೇಳಿಸಿತು. ಪಟ್ಟಿ ಬಿಚ್ಚಿದ್ದರು. "ಎಲ್ಲಾ ಕಾಣಸ್ತೈತಿ," ಎಂದು ಅಳುತ್ತಿದ್ದರು. ನಾನು ಒಳಗೆ ಹೋದಾಗ ಅವರು ಗಿರಿಜಾಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಗಿರಿಜಾ ನಗುತ್ತಿದ್ದಳು.

ಮುಂದಿನ ತಿಂಗಳು ಯಾವುದೋ ನೆಪ ಹೇಳಿ ಹುಬ್ಬಳ್ಳಿಗೆ ಹೋಗಿ ಗ್ರೇಸ್‌ಬಾಯಿಯನ್ನು ಹುಡುಕಿದೆ. ತಲೆ ನರೆತಿತ್ತು. ನನ್ನ ಗುರುತು ಹತ್ತಿತು. "ಕಣ್ಣೇನ್ರಿ?" ಎಂದು ಅವಳೇ ಕೇಳಿದಳು. ನಾನು ತಲೆಯಾಡಿಸಿದೆ. ಅದೇ ವರಾಂಡದ ಮೆಟ್ಟಿಲ ಮೇಲೆ ಕುಳಿತೆವು.

"ನಿಮ್ಮ ಕೂಸು ಒಂದ ಅಲ್ಲರಿ. ಇನ್ನ ಇಬ್ಬರು ತಾಯಂದಿರು ಬಂದು ಹೋದ್ರು. ಚಾವಿ ತಿರವಿದಾಕಿ ನಾನು. ಹೊಸಾ ಡಾಕ್ಟರು ಬಂದು ಹೇಳಿದ ದಿನದಿಂದ ಆ ಖೋಲಿಗೆ ಡ್ಯೂಟಿ ಹಾಕಬ್ಯಾಡ್ರಿ ಅಂತ ಬೇಡಕೊಂಡೇನಿ."

ಅವಳನ್ನು ಬೈಯಲು ಹೋಗಿದ್ದೆನೋ, ಅವಳಿಂದ ಬೈಸಿಕೊಳ್ಳಲು ಹೋಗಿದ್ದೆನೋ ನನಗೇ ತಿಳಿದಿಲ್ಲ. ಎರಡೂ ಆಗಲಿಲ್ಲ. ಅವಳು ಒಳಗಿನಿಂದ ಚಹಾ ತಂದಳು. ಕುಡಿದು ಎದ್ದು ಬಂದೆ.

ಯಜಮಾನರಿಗೆ ಹೇಳಿದೆ. ಅವರು ಎಲೆಗಳ ಮೇಲೆ ನೀರು ಚಿಮುಕಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. ಬುಟ್ಟಿಯ ಬಾಯಿ ಕಟ್ಟಿ ಮುಗಿಸಿದ ಮೇಲೆ, "ಗಿರಿಜಾಗ ಹೇಳಬ್ಯಾಡ," ಎಂದರು. ಅಷ್ಟೇ. ಆರು ತಿಂಗಳು ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು. ಆಮೇಲೆ ತಾವಾಗಿಯೇ ಸರಿಯಾದರು. ನಾನು ಐದು ವರ್ಷ ಆ ಮಾತನ್ನು ನುಂಗಿಕೊಂಡು ಇದ್ದೆ.

ಕಳೆದ ವರ್ಷ ಅತ್ತೆ ತೀರಿಕೊಂಡರು. ಮಾತಾಡಿಸಲು ಬಂದ ದೂರದ ನೆಂಟರವಳೊಬ್ಬಳು ಗಿರಿಜಾಳನ್ನು ನೋಡಿ, "ಹ್ವಾದ ಜನ್ಮದಾಗ ಏನ್ ಪಾಪ ಮಾಡಿತ್ತೋ ಏನೋ ಕೂಸು," ಎಂದಳು. ಅವಳಿಗೆ ಕೇಳಿಸುತ್ತದೆ ಎಂಬ ಅರಿವೂ ಇಲ್ಲದೆ, ಕುರುಡಿ ಎಂದರೆ ಕಿವುಡಿಯೂ ಹೌದು ಎಂಬ ಹಾಗೆ. ಬಂದವರೆಲ್ಲ ಹೋದ ಮೇಲೆ ಗಿರಿಜಾ ಎಲೆ ಆರಿಸುವಲ್ಲಿ ಬಂದು ನನ್ನ ಎದುರು ಕುಳಿತಳು. ಹದಿಮೂರು ವರ್ಷದವಳು.

"ಅವ್ವಾ, ನಾ ಏನ್ ಪಾಪ ಮಾಡಿದ್ದೆ?"

ಹೇಳಬೇಡ ಎಂದಿದ್ದ ಯಜಮಾನರ ಮಾತನ್ನು ನಾನು ಮೀರಿದೆ. ಪೆಟ್ಟಿಗೆ, ಗಾಳಿ, ಹನ್ನೆರಡನೆಯ ದಿನ, ಡಾಕ್ಟರು ಸಾಕು ಅಂದದ್ದು, ನಾನು ಕಾಲು ಹಿಡಿದದ್ದು, ಹಾನಗಲ್ಲಿನ ಡಾಕ್ಟರು ಹೇಳಿದ್ದು, ಒಂದನ್ನೂ ಬಿಡದೆ ಹೇಳಿದೆ. "ನೀ ಏನೂ ಮಾಡಿಲ್ಲ. ಮಾಡಿದಾಕಿ ನಾನು. ಹೆದರಿ ಮಾಡಿದೆ," ಎಂದೆ.

ಅವಳ ಬೆರಳು ಎಲೆಯ ಮೇಲೆ ನಿಂತಿತ್ತು. ಎಲೆಯನ್ನು ಕೆಳಗಿಟ್ಟು, ಗೋಡೆ ಹಿಡಿದು ಎದ್ದು, ಅಜ್ಜಿ ಮಲಗುತ್ತಿದ್ದ ಖೋಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಅಪ್ಪನ ಕೈಯಿಂದ ಊಟ ಮಾಡಿದಳು. ನಾನು ಹೇಳಿಬಿಟ್ಟೆನೆಂದು ಯಜಮಾನರಿಗೆ ತಿಳಿದಿತ್ತು.

ಐದನೆಯ ದಿನ ಬೆಳಿಗ್ಗೆ ಬಾಚಣಿಗೆ ಹಿಡಿದು ಬಂದು ನನ್ನ ಮುಂದೆ ಬೆನ್ನು ಮಾಡಿ ಕುಳಿತಳು. ನಾನು ಸಿಕ್ಕು ಬಿಡಿಸತೊಡಗಿದೆ.

"ಅವತ್ತ ಗಾಳಿ ತಗದಿದ್ರ ನಾ ಸಾಯತಿದ್ನೇನು?"

"ಗೊತ್ತಿಲ್ಲವ್ವಾ. ಡಾಕ್ಟರು ಇಲ್ಲ ಅಂದಿದ್ರು. ನನಗ ನಂಬಿಕಿ ಆಗಲಿಲ್ಲ."

ಅವಳು ತಲೆ ಬಗ್ಗಿಸಿದಳು. ನಾನು ಜಡೆಯ ಮೂರು ಎಳೆ ಮಾಡಿದೆ.

"ಇನ್ನ ಮ್ಯಾಲೆ ಯಾರರ ಕೇಳಿದ್ರ ಗಾಳಿಯಿಂದ ಹಿಂಗಾತು ಅಂತ ಹೇಳ್ತೇನಿ," ಎಂದಳು. "ಅವ್ವನಿಂದ ಅಂತ ಹೇಳೂದಿಲ್ಲ."

ಅದು ಕ್ಷಮೆಯಲ್ಲ. ನನಗೆ ಅಷ್ಟು ತಿಳಿಯುತ್ತದೆ. ನನ್ನ ಮಗಳು ಈ ವಯಸ್ಸಿಗೇ ನನ್ನನ್ನು ಜನರಿಂದ ಮುಚ್ಚಿಡಲು ಹೊರಟಿದ್ದಳು. ಕಣ್ಣಿನ ಭಾರದ ಜೊತೆ ಅದನ್ನೂ ಅವಳು ಹೊರುವುದು ಬೇಡ. ಅದಕ್ಕೆ ಇದನ್ನು ನಾನೇ ಬರೆದು, ಬರೆದದ್ದನ್ನೆಲ್ಲ ಮೊದಲು ಅವಳಿಗೆ ಓದಿ ಹೇಳಿ, ನನ್ನ ಹೆಸರನ್ನು ತೆಗೆಯದೆ ಹಾಗೇ ಬಿಟ್ಟಿದ್ದೇನೆ.